ಬಾಯಿ ಹಚ್ಚದೆ ಡೀಸೆಲ್ ಇಳಿಸುವ ಬಗೆ

ಓದುಗರ ಪ್ರಶ್ನೆ, ಗ್ಯಾರೇಜ್ ಮೇಸ್ತ್ರಿಯ ಉತ್ತರ

ಕಳೆದ ಸಂಚಿಕೆಯಲ್ಲಿ ಪಂಪ್‌ಸೆಟ್ಟಿನ ಟ್ಯಾಂಕಿಗೆ ನೀರು ಸೇರುವ ವಿಚಾರ ಬರೆಯುವಾಗ, "ಹಳೆಯ ಡೀಸೆಲ್ಲನ್ನು ಸೈಫನ್ ಮಾಡಿ ತೆಗೆಯಿರಿ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಹಾಗೆ ಮುಗಿಸಬಾರದಿತ್ತು. ಆಮೇಲೆ ಬಂದ ಪತ್ರಗಳನ್ನು ಓದಿದಾಗ, ಸೈಫನ್ ಎಂದರೆ ಬಾಯಿಂದ ಎಳೆಯುವುದು ಎಂದೇ ಹಲವರು ತಿಳಿದಿದ್ದಾರೆ ಎಂಬುದು ಗೊತ್ತಾಯಿತು. ಸೈಫನ್ ಎಂದರೆ ಮೇಲಿರುವ ಪಾತ್ರೆಯ ದ್ರವವನ್ನು ಬಾಗಿದ ಪೈಪಿನ ಮೂಲಕ ಕೆಳಗಿನ ಪಾತ್ರೆಗೆ ತಾನಾಗಿ ಹರಿಯುವಂತೆ ಮಾಡುವುದು, ಅಷ್ಟೆ. ಆದ್ದರಿಂದ ಈ ಸಲದ ಪುಟ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ನಮ್ಮಲ್ಲಿ ಟಿಲ್ಲರ್ ಮತ್ತು ಪಂಪ್‌ಸೆಟ್ಟಿಗೆಂದು 200 ಲೀಟರಿನ ಬ್ಯಾರಲ್ಲಿನಲ್ಲಿ ಡೀಸೆಲ್ ಇಡುತ್ತೇವೆ. ಪೈಪ್ ಇಳಿಬಿಟ್ಟು ಬಾಯಿಂದ ಎಳೆದು ಕ್ಯಾನಿಗೆ ಬಿಡುವುದು ನನ್ನ ತಂದೆಯ ಕಾಲದಿಂದಲೂ ಬಂದ ರೂಢಿ. ಇಪ್ಪತ್ತು ವರ್ಷದಲ್ಲಿ ನನಗೆ ಏನೂ ಆಗಿಲ್ಲ. ಈಗ ಮಗ ನಡುವೆ ರಬ್ಬರಿನ ಗುಂಡು ಇರುವ ಪೈಪೊಂದನ್ನು ತರಿಸಿದ್ದಾನೆ. ಇದರ ಅಗತ್ಯವಿದೆಯೇ?
(ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಅಗತ್ಯವಿದೆ. ನಿಮ್ಮ ಮಗನಿಗೆ ನನ್ನ ಪರವಾಗಿ ಶಹಬ್ಬಾಸ್ ಹೇಳಿ.

"ಏನೂ ಆಗಿಲ್ಲ" ಎಂಬ ಮಾತನ್ನು ನಾನೂ ಹೇಳುತ್ತಿದ್ದೆ. 1998ರ ಮಳೆಗಾಲದವರೆಗೆ ಹೇಳಿದೆ. ಆಗ ನನ್ನ ಗ್ಯಾರೇಜಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಕೆಲಸ ಕಲಿಯುತ್ತಿದ್ದ. ಕೈ ಚುರುಕು, ನೋಝಲ್ ಬಿಚ್ಚಿ ಜೋಡಿಸುವುದರಲ್ಲಿ ನನಗಿಂತ ನಯ. ಒಂದು ಮಧ್ಯಾಹ್ನ ಪಂಪ್‌ಸೆಟ್ಟಿನ ಟ್ಯಾಂಕ್ ಖಾಲಿ ಮಾಡಲು ಪೈಪಿಗೆ ಬಾಯಿ ಹಚ್ಚಿ ಎಳೆದ. ಡೀಸೆಲ್ ಅವನ ಎಣಿಕೆಗಿಂತ ಬೇಗ ಬಂತು. ಕೆಮ್ಮಿದ, ಉಗಿದ, ಬಾಯಿ ಮುಕ್ಕಳಿಸಿದ. ನಾನು ಒಂದು ತುಂಡು ಬೆಲ್ಲ ಕೊಟ್ಟು "ಹೋಗಲಿ ಬಿಡು" ಎಂದೆ. ಸಂಜೆಯವರೆಗೂ ಕೆಲಸ ಮಾಡಿದ. ರಾತ್ರಿ ಜ್ವರ ಏರಿತು. ಬೆಳಗಾಗುವಾಗ ಉಸಿರು ಎಳೆದುಕೊಳ್ಳಲು ಎದ್ದು ಕೂರಬೇಕಾಗಿತ್ತು. ಡಾಕ್ಟರು ಎಕ್ಸ್‌ರೇ ಹಿಡಿದು ಬಲಗಡೆ ಶ್ವಾಸಕೋಶದ ಕೆಳಭಾಗವನ್ನು ತೋರಿಸಿದರು. ಕಪ್ಪಗೆ ಕಾಣಬೇಕಾದ ಜಾಗ ಬೆಳ್ಳಗೆ ಮಂಜು ಕವಿದಂತಿತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಅವನ ತಾಯಿ ಅಷ್ಟೂ ದಿನ ಮಂಚದ ಪಕ್ಕ ಕುಳಿತಿದ್ದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರು ಅವತ್ತು ಹೇಳಿದ್ದನ್ನು ನಾನು ಆಮೇಲೆ ಬಂದ ಪ್ರತಿಯೊಬ್ಬ ಹುಡುಗನಿಗೂ ಹೇಳಿಕೊಟ್ಟಿದ್ದೇನೆ. ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ ಇವೆಲ್ಲ ಅಡುಗೆ ಎಣ್ಣೆಗಿಂತ ಬಹಳ ತೆಳು. ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಹೋದದ್ದೇ ಹೆಚ್ಚು ಕೆಡುಕು. ತೆಳುವಾದ ಕಾರಣ ಒಂದೆರಡು ಹನಿ ಒಳಗೆ ಸೇರಿದರೂ ಹರಡಿಕೊಂಡು ಉರಿಯೂತ ತರುತ್ತದೆ. ಅದಕ್ಕಾಗಿಯೇ ಇಂಥದ್ದನ್ನು ನುಂಗಿದವರನ್ನು ವಾಂತಿ ಮಾಡಿಸಬಾರದು. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಎರಡೂ ತಪ್ಪು. ಮೇಲೆ ಬರುವಾಗ ಇನ್ನೊಂದು ಸಲ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಬಾಯಿ ತೊಳೆಸಿ, ಎಣ್ಣೆ ಚೆಲ್ಲಿದ ಬಟ್ಟೆ ತೆಗೆಸಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಮೊದಲ ಗಂಟೆಯಲ್ಲಿ ಚೆನ್ನಾಗಿಯೇ ಕಾಣುವವರಿಗೆ ತೊಂದರೆ ಕೆಲವು ಗಂಟೆಗಳ ನಂತರ ಶುರುವಾಗಬಹುದು. ನನ್ನ ಬೆಲ್ಲದ ತುಂಡು ಆ ಹುಡುಗನ ಅರ್ಧ ದಿನವನ್ನು ಕಳೆಯಿತು.

ಹುಡುಗ ಬದುಕಿದ. ಈಗ ಅವನದೇ ಗ್ಯಾರೇಜ್ ಇದೆ.

ಇನ್ನು ಮಗ ತಂದ ಪೈಪಿನ ವಿಷಯ. ನಡುವಿನ ಗುಂಡಿನ ಎರಡೂ ತುದಿಯಲ್ಲಿ ಒಂದೊಂದು ಪುಟ್ಟ ವಾಲ್ವ್ ಇರುತ್ತದೆ. ಎರಡೂ ಒಂದೇ ದಿಕ್ಕಿಗೆ ಬಿಡುತ್ತವೆ. ಅಮುಕಿದಾಗ ಒಳಗಿನ ಗಾಳಿ ಮುಂದಕ್ಕೆ ಹೋಗುತ್ತದೆ, ಬಿಟ್ಟಾಗ ಹಿಂದಿನಿಂದ ಡೀಸೆಲ್ ಏರುತ್ತದೆ. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಔಟ್‌ಬೋರ್ಡ್ ಎಂಜಿನ್ನಿನ ದೋಣಿ ನೋಡಿದವರಿಗೆ ಈ ಗುಂಡು ಗೊತ್ತು. ಎಂಜಿನ್ ಚಾಲೂ ಮಾಡುವ ಮೊದಲು ಅದನ್ನೇ ಅಮುಕಿ ಎಣ್ಣೆ ಏರಿಸುತ್ತಾರೆ. ಗುಂಡಿನ ಮೇಲೆ ಬಾಣದ ಗುರುತಿದೆ, ಅದು ಕ್ಯಾನಿನ ಕಡೆಗಿರಲಿ. ಉಲ್ಟಾ ಹಿಡಿದು "ಮಾಲು ಸರಿ ಇಲ್ಲ" ಎಂದು ನನ್ನ ಬಳಿ ತಂದವರಿದ್ದಾರೆ.

ಬ್ಯಾರಲ್ಲನ್ನು ಎರಡು, ಎರಡೂವರೆ ಅಡಿ ಎತ್ತರದ ಕಲ್ಲುಕಟ್ಟೆಯ ಮೇಲೆ ಕೂರಿಸಿ, ಕ್ಯಾನ್ ನೆಲದ ಮೇಲಿರಲಿ. ಪೈಪಿನ ಹೊರತುದಿ ಬ್ಯಾರಲ್ಲಿನೊಳಗಿನ ಡೀಸೆಲ್ಲಿನ ಮಟ್ಟಕ್ಕಿಂತ ಕೆಳಗಿದ್ದರೆ ಮಾತ್ರ ಅದು ತಾನಾಗಿ ಹರಿಯುತ್ತದೆ. ಇಲ್ಲದಿದ್ದರೆ ಕೊನೆಯವರೆಗೂ ಅಮುಕುತ್ತಲೇ ಇರಬೇಕು. ಒಳಗಿನ ತುದಿಯನ್ನು ಒಂದು ಬಿದಿರು ಕಡ್ಡಿಗೆ ಕಟ್ಟಿ, ತಳದಿಂದ ಎರಡು ಇಂಚು ಮೇಲೆ ನಿಲ್ಲುವಂತೆ ಇಳಿಬಿಡಿ. ನೀರು ಡೀಸೆಲ್ಲಿಗಿಂತ ಭಾರ, ಕಸದ ಜೊತೆ ತಳದಲ್ಲೇ ಕೂರುತ್ತದೆ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಷನ್ ಪಂಪಿನ ಶತ್ರು ಅಲ್ಲಿದೆ. ಹೊಸ ಬ್ಯಾರಲ್ ಬಂದ ದಿನವೇ ಇಳಿಸಬೇಡಿ, ಒಂದು ರಾತ್ರಿ ಅಲುಗಾಡದೆ ನಿಲ್ಲಲಿ. ಬ್ಯಾರಲ್ಲಿನ ಬಾಯಿಯಲ್ಲಿ ಪೈಪಿನ ಸುತ್ತ ಬಟ್ಟೆ ತುರುಕಿ ಬಿಗಿಯಬೇಡಿ. ಒಳಕ್ಕೆ ಗಾಳಿ ಹೋಗದಿದ್ದರೆ ಹರಿವು ಸೊರಗಿ ನಿಂತುಬಿಡುತ್ತದೆ.

ಅರ್ಧ ಇಂಚಿನ, ಹತ್ತಡಿ ಉದ್ದದ ಪೈಪಿನಲ್ಲಿ 20 ಲೀಟರ್ ಇಳಿಯಲು ಎರಡೂವರೆ ನಿಮಿಷದ ಆಸುಪಾಸು ಬೇಕು. ಬ್ಯಾರಲ್ ಬರಿದಾದಂತೆ ನಿಧಾನವಾಗುತ್ತದೆ. ಅಷ್ಟು ಹೊತ್ತು ಅಲ್ಲೇ ನಿಂತಿರಿ. ಫೋನ್ ಬಂತೆಂದು ಜಗಲಿಗೆ ಹೋದರೆ ಕ್ಯಾನ್ ತುಂಬಿ ಅಂಗಳಕ್ಕೆ ಹರಿಯುತ್ತದೆ, ಅಂಗಳದಿಂದ ಬಾವಿಗೆ. ನಿಲ್ಲಿಸಲು ಹೊರತುದಿಯನ್ನು ಬ್ಯಾರಲ್ಲಿನ ಮಟ್ಟಕ್ಕಿಂತ ಮೇಲೆತ್ತಿ ಹಿಡಿದರೆ ಸಾಕು.

ಗುಂಡು ಹರಿದು ಕೆಲಸ ನಿಂತ ದಿನವೂ ಬಾಯಿಯ ಹಂಗು ಬೇಡ. ಪೈಪಿನ ಹೊರತುದಿಗೆ ಒಂದು ಸಣ್ಣ ಬಾಲ್ ವಾಲ್ವ್ ಹಾಕಿಸಿ. ವಾಲ್ವ್ ತೆರೆದಿಟ್ಟು ಪೈಪನ್ನು ನಿಧಾನವಾಗಿ ಡೀಸೆಲ್ಲಿನೊಳಗೆ ಮುಳುಗಿಸುತ್ತಾ ಹೋದರೆ ಅದು ತಾನೇ ತುಂಬಿಕೊಳ್ಳುತ್ತದೆ. ವಾಲ್ವ್ ಮುಚ್ಚಿ, ಆ ತುದಿಯನ್ನು ಹೊರಗೆಳೆದು ಕ್ಯಾನಿಗಿಳಿಸಿ ತೆರೆಯಿರಿ. ಆಸ್ಪತ್ರೆಯಿಂದ ಬಂದ ದಿನ ಗ್ಯಾರೇಜಿನ ಬರಿ ಪೈಪುಗಳನ್ನೆಲ್ಲ ತುಂಡು ಮಾಡಿ ಎಸೆದು, ಆಮೇಲೆ ವರ್ಷಗಟ್ಟಲೆ ನಾನು ಬಳಸಿದ್ದು ಇದನ್ನೇ.

ಪ್ರಶ್ನೆ: ಕಳೆ ಕತ್ತರಿಸುವ ಯಂತ್ರಕ್ಕೆ ಬೈಕಿನ ಟ್ಯಾಂಕಿನಿಂದ ಪೆಟ್ರೋಲ್ ತೆಗೆಯುತ್ತೇವೆ. ಡೀಸೆಲ್ಲಿನ ಪೈಪನ್ನೇ ಬಳಸಬಹುದೇ?
(ಓದುಗರೊಬ್ಬರು, ಶಿರಸಿ)

ಉತ್ತರ: ಪೈಪಿಗಿಂತ ಮೊದಲು ಜಾಗದ ಮಾತಾಡೋಣ, ಅಕ್ಕ. ಡೀಸೆಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡಲು ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರಿ ಚದುರುವುದಿಲ್ಲ, ನೆಲದ ಮೇಲೆ ತೆವಳುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಕೊಟ್ಟಿಗೆಯ ಮಗ್ಗುಲಲ್ಲೇ ಬಚ್ಚಲು, ಬಚ್ಚಲ ಒಲೆಯಲ್ಲಿ ಯಾವಾಗಲೂ ಕೆಂಡ. ಕೊಟ್ಟಿಗೆಯಲ್ಲಿ ಪೆಟ್ರೋಲ್ ಇಳಿಸಿದರೆ ಆವಿ ಆ ಕೆಂಡವನ್ನು ಹುಡುಕಿಕೊಂಡು ಹೋಗುತ್ತದೆ. ಅಂಗಳದ ಬಯಲಿಗೆ ಬನ್ನಿ. ಕ್ಯಾನನ್ನು ನೆಲದ ಮೇಲಿಡಿ. ಬೈಕಿನ ಸೀಟಿನ ಮೇಲೆ, ಪಿಕಪ್ಪಿನ ಪ್ಲಾಸ್ಟಿಕ್ ಹಾಸಿನ ಮೇಲೆ ಇಟ್ಟು ತುಂಬಬಾರದು. ಪೈಪಿನಲ್ಲಿ ಹರಿಯುವಾಗ ಹುಟ್ಟುವ ಸ್ಥಾಯಿ ವಿದ್ಯುತ್ ನೆಲಕ್ಕೆ ಇಳಿಯಲು ದಾರಿ ಸಿಗದಿದ್ದರೆ ಕಿಡಿಯಾಗಿ ಹಾರಬಹುದು. ಎಂಜಿನ್ ಆರಿ ತಣ್ಣಗಾಗಿರಲಿ.

ಹಳೆಯ ಕಾರ್ಬ್ಯುರೇಟರ್ ಬೈಕಾದರೆ ಸೈಫನ್ ಬೇಕಾಗಿಯೇ ಇಲ್ಲ. ಟ್ಯಾಂಕಿನ ಕೆಳಗೆ ಪೆಟ್ರೋಲ್ ಕಾಕ್ ಇದೆ, ಅದರ ಪೈಪನ್ನು ಕಾರ್ಬ್ಯುರೇಟರಿನ ಕಡೆಯಿಂದ ಕಳಚಿ ಕ್ಯಾನಿಗೆ ಬಿಟ್ಟರೆ ಸಾಕು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ಹೊಗೆ ನಿಯಂತ್ರಣದ ಹೊಸ ಮಾನದಂಡ) ಬೈಕುಗಳಲ್ಲಿ ಬಹುತೇಕ ಎಲ್ಲಕ್ಕೂ ಕಾರ್ಬ್ಯುರೇಟರಿನ ಬದಲು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ. ಅದರ ಪೈಪಿನಲ್ಲಿ ಒತ್ತಡ ಇರುತ್ತದೆ, ಕಳಚಲು ಹೋಗಬೇಡಿ. ಅಲ್ಲಿ ಕೈಗುಂಡಿನ ಸೈಫನ್ನೇ ಸರಿ. ಕಾರಿನ ಟ್ಯಾಂಕಿಗೆ ಮಾತ್ರ ಪೈಪ್ ತುರುಕಬೇಡಿ. ಈಗಿನ ಅನೇಕ ಕಾರುಗಳಲ್ಲಿ ಒಳಗೆ ತಡೆ ಇರುತ್ತದೆ, ಬಲವಂತ ಮಾಡಿದರೆ ಪೈಪ್ ಸಿಕ್ಕಿಕೊಳ್ಳುತ್ತದೆ.

ಪೈಪಿನ ಬಗ್ಗೆ ಕೇಳಿದಿರಿ. ಪೆಟ್ರೋಲಿಗೆ ನೈಟ್ರೈಲ್ ರಬ್ಬರ್ ಒಳ್ಳೆಯದು. ಸೈಕಲ್ ಟ್ಯೂಬಿನಂಥ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಅಂಗಡಿಯ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಕೆಲವೇ ತಿಂಗಳಲ್ಲಿ ಕಡ್ಡಿಯಂತೆ ಗಡುಸಾಗಿ ಸೀಳುತ್ತದೆ. ಡೀಸೆಲ್ಲಿಗೆ ಒಂದು, ಪೆಟ್ರೋಲಿಗೆ ಒಂದು ಬೇರೆಬೇರೆ ಇಟ್ಟುಕೊಂಡು ಬಣ್ಣದ ದಾರ ಕಟ್ಟಿ. ಕಾನೂನಿನ ಮಾತೂ ಇರಲಿ: 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರಿನವರೆಗೆ ಪೆಟ್ರೋಲ್ ಇಟ್ಟುಕೊಳ್ಳಲು ಪರವಾನಗಿ ಬೇಡ, ಆದರೆ ಲೋಹದ ಕ್ಯಾನ್ ಒಂದೊಂದೂ 25 ಲೀಟರ್ ಮೀರಬಾರದು, ಮುಚ್ಚಳ ಬಿಗಿಯಾಗಿರಬೇಕು.

ಪ್ರಶ್ನೆ: ಒಂದು ತುದಿಯಲ್ಲಿ ಹಿತ್ತಾಳೆಯ ಮೂತಿ ಇರುವ ಪೈಪ್ ಸಂತೆಯಲ್ಲಿ ಕಂಡೆ. ಅಲುಗಾಡಿಸಿದರೆ ಸಾಕು, ಹರಿಯುತ್ತದೆ ಎಂದರು. ನಿಜವೇ?
(ಓದುಗರೊಬ್ಬರು, ಹಾವೇರಿ)

ಉತ್ತರ: ನಿಜ. ಮೂತಿಯೊಳಗೆ ಗೋಲಿಯಿದೆ. ಕೆಳಕ್ಕೆ ಕುಕ್ಕಿದಾಗ ಗೋಲಿ ಎದ್ದು ದ್ರವ ಒಳಬರುತ್ತದೆ, ಮೇಲೆತ್ತಿದಾಗ ಗೋಲಿ ಕೂತು ಅದನ್ನು ಹಿಡಿದಿಡುತ್ತದೆ. ಮೂತಿ ಪೂರ್ತಿ ಮುಳುಗಿರಲಿ, ಹತ್ತು ಹದಿನೈದು ಸಲ ಬಿರುಸಾಗಿ ಕುಕ್ಕಿ. ಅರ್ಧಕ್ಕಿಂತ ಕಡಿಮೆ ತುಂಬಿದ ಬ್ಯಾರಲ್ಲಿನಲ್ಲಿ ಇದು ಸತಾಯಿಸುತ್ತದೆ, ಏಕೆಂದರೆ ಹೆಚ್ಚು ಎತ್ತರ ಏರಬೇಕು. ಅಲ್ಲಿ ಗುಂಡಿನ ಪೈಪೇ ಮೇಲು.

ಪ್ರಶ್ನೆ: ಗುಡ್ಡದ ಆಚೆ ಮಗ್ಗುಲಲ್ಲಿ ನಮ್ಮದೇ ಹೊಂಡವಿದೆ, ತೋಟ ಈಚೆ ತಗ್ಗಿನಲ್ಲಿ. ನಡುವೆ ಒಂದು ದಿಬ್ಬ. ಮೋಟಾರ್ ಇಲ್ಲದೆ ನೀರು ದಾಟಿಸಬಹುದೇ?
(ಕೃಷಿಕರು, ಕೊಪ್ಪ ತಾಲ್ಲೂಕು)

ಉತ್ತರ: ದಿಬ್ಬದ ನೆತ್ತಿ ಹೊಂಡದ ನೀರಿನ ಮಟ್ಟಕ್ಕಿಂತ ಎಷ್ಟು ಮೇಲಿದೆ ಎಂಬುದನ್ನು ಮೊದಲು ಅಳೆಯಿರಿ. ಲೆಕ್ಕದ ಪ್ರಕಾರ ಸಮುದ್ರಮಟ್ಟದಲ್ಲಿ ನೀರು ಸುಮಾರು 10 ಮೀಟರ್ ಏರಬಲ್ಲದು, ಮಲೆನಾಡಿನ ಎತ್ತರದಲ್ಲಿ ಅದಕ್ಕಿಂತ ಕಡಿಮೆ. ನಾನು ಐದು ಮೀಟರಿಗಿಂತ ಹೆಚ್ಚಿನ ದಿಬ್ಬಕ್ಕೆ ಕೈಹಾಕುವುದಿಲ್ಲ. ನೆತ್ತಿಯಲ್ಲಿ ಟೀ (ಪೈಪ್ ಜೋಡಿಸುವ ಮೂರು ಬಾಯಿಯ ತುಂಡು) ಕೂರಿಸಿ ಅದಕ್ಕೊಂದು ವಾಲ್ವ್, ಎರಡೂ ತುದಿಗೆ ಒಂದೊಂದು ಗೇಟ್ ವಾಲ್ವ್ ಹಾಕಿ. ತುದಿಗಳನ್ನು ಮುಚ್ಚಿ, ನೆತ್ತಿಯಿಂದ ಕೊಡಗಟ್ಟಲೆ ನೀರು ಸುರಿದು ಗುಳ್ಳೆ ನಿಲ್ಲುವವರೆಗೂ ತುಂಬಿ. ನೆತ್ತಿಯನ್ನು ಮುಚ್ಚಿ, ಆಮೇಲೆ ತುದಿಗಳನ್ನು ತೆರೆಯಿರಿ. ದಪ್ಪ ಗೋಡೆಯ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪನ್ನೇ ಬಳಸಿ. ತೆಳು ಪೈಪ್ ನೆತ್ತಿಯಲ್ಲಿ ಒಳಸೆಳೆತಕ್ಕೆ ಚಪ್ಪಟೆಯಾಗುತ್ತದೆ. ನೀರಿನಲ್ಲಿ ಕರಗಿದ ಗಾಳಿ ಬಿಡಿಸಿಕೊಂಡು ನೆತ್ತಿಯಲ್ಲಿ ಕೂಡುವುದರಿಂದ ಕೆಲವು ದಿನಗಳಿಗೊಮ್ಮೆ ಮತ್ತೆ ತುಂಬಬೇಕಾಗುತ್ತದೆ. ಅಬ್ಬಿ ನೀರನ್ನು ಅಡಿಕೆ ದಬ್ಬೆಯಲ್ಲಿ ಮನೆಗೆ ತಂದವರ ಮೊಮ್ಮಕ್ಕಳಿಗೆ ಇಷ್ಟು ತಾಳ್ಮೆ ಕಷ್ಟವಲ್ಲ.

ಪ್ರಶ್ನೆ: ನೀರು ಮೇಲಕ್ಕೆ ಹರಿಯುವುದಿಲ್ಲ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಹಾಗಾದರೆ ಪೈಪಿನಲ್ಲಿ ಏಕೆ ಏರುತ್ತದೆ?
(ಎಂಟನೆಯ ತರಗತಿಯ ವಿದ್ಯಾರ್ಥಿನಿ, ತುಮಕೂರು)

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ಮಗು. ಬಾಗಿದ ಪೈಪಿಗೆ ಎರಡು ಕಾಲು: ಪಾತ್ರೆಯಲ್ಲಿ ಮುಳುಗಿದ್ದು ಗಿಡ್ಡ, ಹೊರಗೆ ಕೆಳಗಿಳಿದದ್ದು ಉದ್ದ. ಉದ್ದನೆಯ ಕಾಲಿನಲ್ಲಿರುವ ನೀರಿನ ತೂಕ ಗಿಡ್ಡ ಕಾಲಿನಲ್ಲಿರುವುದಕ್ಕಿಂತ ಹೆಚ್ಚು. ಉದ್ದ ಕಾಲಿನ ನೀರು ಕೆಳಗಿಳಿಯುವಾಗ ನೆತ್ತಿಯಲ್ಲಿ ಒತ್ತಡ ಕುಗ್ಗುತ್ತದೆ. ಪಾತ್ರೆಯ ನೀರಿನ ಮೇಲೆ ಕೂತಿರುವ ಗಾಳಿ ಆಗ ಗಿಡ್ಡ ಕಾಲಿಗೆ ನೀರನ್ನು ತಳ್ಳುತ್ತದೆ. ಒಟ್ಟು ಲೆಕ್ಕದಲ್ಲಿ ನೀರು ಮೇಲಿನಿಂದ ಕೆಳಕ್ಕೇ ಹೋಗಿದೆ, ನಡುವೆ ಒಂದು ದಿಬ್ಬ ಹತ್ತಿದೆ ಅಷ್ಟೆ.

ನನ್ನ ಅಜ್ಜಿಯ ಮನೆಯಲ್ಲಿ ಹಿತ್ತಾಳೆಯ ವಸುದೇವನ ಬಟ್ಟಲು ಇತ್ತು. ನಡುವೆ ಮಗು ಕೃಷ್ಣನನ್ನು ಹೊತ್ತ ವಸುದೇವ. ನೀರು ಸುರಿಯುತ್ತಾ ಹೋದರೆ ಏರಿ ಏರಿ ಕೃಷ್ಣನ ಪಾದ ಮುಟ್ಟುತ್ತಿತ್ತು. ಮುಟ್ಟಿದ ಕೂಡಲೇ ಯಮುನೆ ದಾರಿ ಬಿಟ್ಟಂತೆ ಬಟ್ಟಲಿನ ನೀರೆಲ್ಲ ತಳದ ತೂತಿನಿಂದ ಇಳಿದುಹೋಗುತ್ತಿತ್ತು. ವಿಗ್ರಹದೊಳಗೆ ಬಾಗಿದ ಕೊಳವೆಯೊಂದು ಅಡಗಿತ್ತು ಎಂದು ನನಗೆ ತಿಳಿದದ್ದು ಮೇಸ್ತ್ರಿಯಾದ ಮೇಲೆ. ನಿಮ್ಮ ಜಿಲ್ಲೆಯಲ್ಲೇ, ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದಲ್ಲಿ ಇದೇ ತತ್ತ್ವದ ಸ್ವಯಂಚಾಲಿತ ಸೈಫನ್‌ಗಳಿವೆ. ಜಲಾಶಯ ತುಂಬಿ ನೀರು ಗೊತ್ತಾದ ಮಟ್ಟ ಮೀರಿದರೆ ಯಾರೂ ಗೇಟ್ ಎತ್ತದೆಯೇ ನೀರು ಹೊರಬೀಳುತ್ತದೆ. ಶರಾವತಿಯ ಹಿರೇಭಾಸ್ಕರ ಅಣೆಕಟ್ಟೆಯಲ್ಲೂ ಸೈಫನ್‌ಗಳಿದ್ದವು. ಲಿಂಗನಮಕ್ಕಿ ಬಂದ ಮೇಲೆ ಅದು ಮುಳುಗಿತು, ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದಾಗ ಮಾತ್ರ ಕಾಣುತ್ತದೆ. ಮನೆಯವರು ಕರೆದೊಯ್ಯುವುದಾದರೆ ಮಾರ್ಕೋನಹಳ್ಳಿಯನ್ನು ಮೊದಲು ನೋಡು, ಹತ್ತಿರ.

ಪ್ರಶ್ನೆ: ಡೀಸೆಲ್ಲಿನ ಪೈಪಿನಲ್ಲೇ ಬ್ಯಾಟರಿ ಆಸಿಡ್, ಕಳೆನಾಶಕ ಇಳಿಸಬಹುದೇ? ತೊಳೆದು ಇಡುತ್ತೇವೆ.
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಬೇಡ. ವಾಲ್ವಿನ ಸಂದಿಯಲ್ಲಿ ಉಳಿದದ್ದು ತೊಳೆದರೂ ಹೋಗುವುದಿಲ್ಲ. ಆಸಿಡ್ಡಿಗೆ ಅದಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಪಂಪ್ ಬೇಕು, ಕೈಗವಸು ಮತ್ತು ಕನ್ನಡಕ ಬೇಕು. ಕಳೆನಾಶಕವನ್ನು ಅದು ಬಂದ ಡಬ್ಬಿಯಿಂದ ಅಳತೆಯ ಲೋಟಕ್ಕೆ ಸುರಿದುಕೊಳ್ಳಿ, ಬೇರೆ ಬಾಟಲಿಗೆ ಬದಲಾಯಿಸಲೇಬೇಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ಇಟ್ಟ ವಿಷವನ್ನು ಮಕ್ಕಳು ಕುಡಿದ ಸುದ್ದಿ ಓದಿದಾಗಲೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ.

ಪ್ರಶ್ನೆ: ಡ್ರಮ್ಮಿನಿಂದ ಜೋನಿ ಬೆಲ್ಲ ಇಳಿಸಲು ಸೈಫನ್ ಆಗುತ್ತದೆಯೇ?
(ಆಲೆಮನೆಯವರು, ಸಾಗರ ತಾಲ್ಲೂಕು)

ಉತ್ತರ: ಹೊಸ ಪೈಪ್ ತಂದರೂ ಆಗದು. ಜೋನಿ ಬೆಲ್ಲ ಅಷ್ಟು ಮಂದ, ಗುಂಡಿನ ವಾಲ್ವಿನಲ್ಲೇ ಕಚ್ಚಿಕೊಳ್ಳುತ್ತದೆ. ಡ್ರಮ್ಮಿನ ತಳದ ಹತ್ತಿರ ಎರಡು ಇಂಚಿನ ಸ್ಟೀಲ್ ಬಾಲ್ ವಾಲ್ವ್ ಕೂರಿಸಿ, ಡ್ರಮ್ಮನ್ನು ಮಧ್ಯಾಹ್ನದ ಬಿಸಿಲಿಗೆ ಎರಡು ಗಂಟೆ ಇಟ್ಟು ಆಮೇಲೆ ತೆರೆಯಿರಿ. ಇರುವೆ ಬಾರದಂತೆ ಕಟ್ಟೆಯ ಸುತ್ತ ನೀರು ನಿಲ್ಲಿಸಿ.