ಬೈದಿದ್ದರೆ ಹೋಗುತ್ತಿದ್ದೆ, ಮೇಡಂ

ಸೆಮಿಸ್ಟರ್ ಅರ್ಧ ದಾಟುವ ಹೊತ್ತಿಗೆ ಇಂಥ ಒಂದಾದರೂ ಪ್ರಕರಣ ಕೌನ್ಸೆಲಿಂಗ್‌ಗೆ ನನ್ನ ಬಳಿ ಬರುತ್ತದೆ. ಅಮೆರಿಕದ ಯಾವುದೋ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ, ಅಂದರೆ ಹಲವು ವಿಷಯಗಳನ್ನು ಬೆರೆಸಿ ಕಲಿಸುವ ಪದವಿ ಕಾಲೇಜಿನಲ್ಲಿ, ಓದುವ ನಮ್ಮ ಕಡೆಯ ಹುಡುಗ ಅಥವಾ ಹುಡುಗಿ. ಓದಿನಲ್ಲಿ ಚುರುಕು, ಮಾತಿನಲ್ಲೂ ಚುರುಕು. ಇದ್ದಕ್ಕಿದ್ದ ಹಾಗೆ ಒಂದು ಕ್ಲಾಸಿಗೆ ಹೋಗುವುದು ನಿಂತಿರುತ್ತದೆ. ಅಂಥ ಒಬ್ಬಳ ಕಥೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಈ ಕಾಲೇಜುಗಳು ಹೇಗಿರುತ್ತವೆ ಅಂತ ಮೊದಲು ಹೇಳಬೇಕು. ಸಾಮಾನ್ಯವಾಗಿ ಒಂದೆರಡು ಸಾವಿರ ವಿದ್ಯಾರ್ಥಿಗಳು. ಬಹುತೇಕ ಎಲ್ಲರೂ ಕ್ಯಾಂಪಸ್ಸಿನಲ್ಲೇ ವಾಸ. ಸೆಮಿನಾರ್ ಕ್ಲಾಸೆಂದರೆ ಒಂದು ಮೇಜಿನ ಸುತ್ತ ಹತ್ತು ಹದಿನೈದು ಜನ. ಮಾತಾಡಿದ್ದಕ್ಕೂ ಅಂಕ ಉಂಟು. ಇಲ್ಲಿ ನೀವು ಬರೀ ಒಂದು ನಂಬರ್ ಅಲ್ಲ ಅಂತ ಸೇರುವಾಗ ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಬರೀ ನಂಬರ್ ಆಗಿರುವುದರಲ್ಲೂ ಒಂದು ನೆಮ್ಮದಿ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಮುನ್ನೂರು ಜನರ ಲೆಕ್ಚರ್ ಹಾಲಿನಲ್ಲಿ ನೀವು ಬರದಿದ್ದರೆ ಗೊತ್ತೇ ಆಗುವುದಿಲ್ಲ. ಹನ್ನೆರಡು ಜನರ ಮೇಜಿನಲ್ಲಿ ಖಾಲಿ ಕುರ್ಚಿ ಎಲ್ಲರ ಕಣ್ಣಿಗೂ ಬೀಳುತ್ತದೆ.

ಹುಡುಗಿ ಎರಡನೇ ವರ್ಷದವಳು. ಫಿಲಾಸಫಿ ಸೆಮಿನಾರ್. ಒಂದು ವಾರ ಓದಿಕೊಂಡು ಹೋಗಲು ಆಗಲಿಲ್ಲ, ಆ ದಿನ ತಪ್ಪಿಸಿಕೊಂಡಳು. ಮುಂದಿನ ಕ್ಲಾಸಿಗೆ ಓದುವುದು ಇಮ್ಮಡಿಯಾಯಿತು, ಅದನ್ನೂ ತಪ್ಪಿಸಿದಳು. ಪ್ರೊಫೆಸರರಿಂದ ಮೇಲ್ ಬಂತು. ಅದಕ್ಕೆ ಉತ್ತರ ಹೋಗಲಿಲ್ಲ. ಅಲ್ಲಿಂದ ಶುರುವಾಯಿತು ಅಡಗಾಟ. ಅವರು ಓಡಾಡುವ ದಾರಿ ಬಿಟ್ಟು ಸುತ್ತಿಕೊಂಡು ಹೋಗುವುದು, ಡೈನಿಂಗ್ ಹಾಲ್ ಮುಚ್ಚುವ ಹೊತ್ತಿಗೆ ಹೋಗಿ ಕೈಗೆ ಸಿಕ್ಕಿದ್ದನ್ನು ರೂಮಿಗೆ ತರುವುದು. ತಿಂಗಳಾಗುವಷ್ಟರಲ್ಲಿ ಇನ್ನೊಂದು ಕ್ಲಾಸಿಗೆ ಹೋಗುವುದೂ ನಿಂತಿತ್ತು.

ಮಗಳಿಗೆ ಖಿನ್ನತೆ ಅಂತ ಅಮ್ಮನಿಗೆ ಭಯ. ದೊಡ್ಡ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಮಾಡಿಸಿದರೆ ಸರಿಹೋಗುತ್ತದೆ ಅಂತ ಅಪ್ಪನ ಲೆಕ್ಕ. ನಾನು ನಿದ್ದೆ, ಹಸಿವು, ಎಲ್ಲ ವಿಚಾರಿಸಿದೆ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿಯೇ ಕೇಳಿದೆ. ಇದನ್ನು ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಹೆದರುವವರಿದ್ದಾರೆ. ಹಾಗೇನೂ ಆಗುವುದಿಲ್ಲ, ಕೇಳಲೇಬೇಕು. ಇಲ್ಲ ಅಂದಳು. ಉಳಿದ ಎರಡು ಕ್ಲಾಸಿಗೆ ಹೋಗುತ್ತಿದ್ದಳು, ಗೆಳತಿಯರ ಜೊತೆ ನಗುತ್ತಿದ್ದಳು. ತೊಡಕು ಬೇರೆ ಕಡೆ ಇತ್ತು.

ಮೂರನೇ ಸಲ ವಿಡಿಯೋ ಕಾಲ್‌ನಲ್ಲಿ ಕೂತಾಗ, ಆ ಮೇಲ್ ಗಟ್ಟಿಯಾಗಿ ಓದು ಅಂದೆ. ತುಂಬಾ ಹೊತ್ತು ಒಪ್ಪಲಿಲ್ಲ. ಆಮೇಲೆ ಓದಿದಳು. ಇಷ್ಟೇ ಇತ್ತು: ಎರಡು ಕ್ಲಾಸಿನಲ್ಲಿ ನೀನಿರಲಿಲ್ಲ, ಚರ್ಚೆಯಲ್ಲಿ ನಿನ್ನ ಪ್ರಶ್ನೆಗಳಿಲ್ಲದೆ ಏನೋ ಕಮ್ಮಿ ಅನ್ನಿಸಿತು, ಎಲ್ಲ ಸರಿಯಿದೆ ತಾನೇ?

‘ಇದರಲ್ಲಿ ಬೈದಿದ್ದು ಎಲ್ಲಿದೆ?’ ಅಂದೆ.

‘ಬೈದಿಲ್ಲ ಮೇಡಂ. ಅದೇ ಕಷ್ಟ. ಬೈದಿದ್ದರೆ ಹೋಗುತ್ತಿದ್ದೆ.’

ನಾನು ಸುಮ್ಮನಿದ್ದೆ. ಅವಳೇ ಮುಂದುವರಿಸಿದಳು. ‘ಬೈದರೆ ತಲೆ ತಗ್ಗಿಸಿ ಕೇಳಿಸಿಕೊಂಡರಾಯಿತು, ಅಲ್ಲಿಗೆ ಮುಗೀತು. ಇವರು ನನ್ನ ಬಗ್ಗೆ ಒಳ್ಳೆಯದಾಗಿ ಅಂದುಕೊಂಡಿದ್ದಾರೆ. ಹೋದರೆ ಗೊತ್ತಾಗುತ್ತಲ್ಲ, ನನಗೇನೂ ಆಗಿಲ್ಲ, ಸುಮ್ನೆ ಓದಿರಲಿಲ್ಲ ಅಂತ.’

ಇಷ್ಟು ವರ್ಷದ ಕೆಲಸದಲ್ಲಿ ಈ ವಿಷಯವನ್ನು ಇಷ್ಟು ನೇರವಾಗಿ ಹೇಳಿದವರನ್ನು ನಾನು ನೋಡಿರಲಿಲ್ಲ. ಬೈಗುಳ ಸಾಲ ತೀರಿಸಿಬಿಡುತ್ತದೆ, ಅಕ್ಕರೆ ಸಾಲ ಬೆಳೆಸುತ್ತದೆ. ಶಾಲೆಯಲ್ಲಿ ಬೈಸಿಕೊಂಡೇ ಬೆಳೆದ ನಮ್ಮ ಮಕ್ಕಳಿಗೆ ಅಕ್ಕರೆಯ ಮುಂದೆ ಹೇಗೆ ನಿಲ್ಲಬೇಕು ಅನ್ನುವುದೇ ಗೊತ್ತಿರುವುದಿಲ್ಲ.

ಉತ್ತರ ಬರೆಯಲು ಯತ್ನಿಸಿದ್ದೀಯಾ ಅಂತ ಕೇಳಿದೆ. ಡ್ರಾಫ್ಟ್ ತೋರಿಸಿದಳು. ಉದ್ದೋ ಉದ್ದ. ಅಜ್ಜಿಯ ಕಾಯಿಲೆ, ರೂಮ್‌ಮೇಟ್ ಜಗಳ, ಚಳಿ, ಎಲ್ಲ ಇತ್ತು. ಇದರಲ್ಲಿ ಯಾವುದು ನಿಜ? ‘ಎಲ್ಲ ನಿಜ. ಆದರೆ ಇದಕ್ಕೂ ಅದಕ್ಕೂ ಸಂಬಂಧ ಇಲ್ಲ’ ಅಂದು ನಕ್ಕಳು.

ಡ್ರಾಫ್ಟ್ ಅಳಿಸಲು ಹೇಳಿದೆ. ಬದಲಿಗೆ ಮೂರು ಸಾಲು: ಮೇಲ್‌ಗೆ ಉತ್ತರ ಕೊಡದ್ದಕ್ಕೆ ಕ್ಷಮಿಸಿ, ಓದಿನಲ್ಲಿ ಹಿಂದೆ ಬಿದ್ದೆ, ನಿಮ್ಮ ಆಫೀಸ್ ಅವರ್ಸ್‌ನಲ್ಲಿ (ವಿದ್ಯಾರ್ಥಿಗಳನ್ನು ಕಾಣಲು ಪ್ರೊಫೆಸರ್ ಮೀಸಲಿಡುವ ಹೊತ್ತು) ಬಂದು ಕಾಣಲೇ? ಕಾರಣ ಬೇಡ. ತಡವಾದಷ್ಟೂ ಕಾರಣ ದೊಡ್ಡದಾಗಿರಬೇಕು ಅನ್ನಿಸುತ್ತದೆ, ದೊಡ್ಡ ಕಾರಣ ಸಿಗದೆ ಇನ್ನಷ್ಟು ತಡವಾಗುತ್ತದೆ. ಎರಡನೆಯ ಸಲಹೆ ಅವಳಿಗೆ ಹಿಡಿಸಲಿಲ್ಲ. ಉತ್ತರ ಬರಲಿ ಬಿಡಲಿ, ಮುಂದಿನ ಕ್ಲಾಸಿಗೆ ಹೋಗು, ಓದಿರದಿದ್ದರೂ ಹೋಗು ಅಂದೆ. ‘ಓದದೆ ಹೋಗೋದಾ!’ ಅಂದಳು. ಹೌದು. ಕೂತು ಕೇಳಿಸಿಕೋ.

ಇದಕ್ಕೆ ಮನೆಯವರಿಂದ ಆಕ್ಷೇಪ ಬಂತು. ಹುಷಾರಿಲ್ಲ ಅಂತ ಕಾಲೇಜಿಗೆ ನೀವೇ ಒಂದು ಪತ್ರ ಕೊಟ್ಟರೆ ಮುಗಿಯುತ್ತಿತ್ತಲ್ಲ ಅಂದರು ಅಪ್ಪ. ನಿಜವಾಗಿ ಕಾಯಿಲೆ ಇರುವವರಿಗೆ ಪತ್ರ ಬೇಕೇ ಬೇಕು, ಅವರನ್ನು ಅದಕ್ಕೆ ತಕ್ಕ ವೈದ್ಯರ ಹತ್ತಿರ ಕಳಿಸಲು ನಾನು ಹಿಂದೆಮುಂದೆ ನೋಡುವುದಿಲ್ಲ. ಇವಳಿಗೆ ಕೊಟ್ಟಿದ್ದರೆ, ಓದಿರಲಿಲ್ಲ ಅನ್ನುವ ಸಣ್ಣ ಮಾತು ಹೇಳುವುದಕ್ಕೂ ಡಾಕ್ಟರ ಸೀಲು ಬೇಕು ಅಂತ ಕಲಿಸಿದ ಹಾಗಾಗುತ್ತಿತ್ತು. ಹಾಗಿದ್ದರೆ ನಾವೇ ಡೀನ್‌ಗೆ ಫೋನ್ ಮಾಡುತ್ತೇವೆ ಅಂದರು. ಅಲ್ಲಿ 1974ರ ಫೆರ್ಪಾ ಕಾನೂನಿದೆ. ಕಾಲೇಜು ಸೇರಿದ ಮೇಲೆ ಓದಿನ ದಾಖಲೆಗಳ ಹಕ್ಕು ವಿದ್ಯಾರ್ಥಿಯದೇ. ಅವಳ ಒಪ್ಪಿಗೆ ಇಲ್ಲದೆ ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ನನಗೆ ಆ ಕಾನೂನು ಇಷ್ಟ, ಹೇಳಿಬಿಡುತ್ತೇನೆ.

ಟ್ರಾನ್ಸ್‌ಫರ್ ಬೇಡವೇ ಬೇಡ ಅಂತ ನಾನು ಹೇಳಲಿಲ್ಲ. ಅಡಗಿ ಕೂತಿರುವಾಗ ಆ ತೀರ್ಮಾನ ಬೇಡ ಅಂದೆ, ಅಷ್ಟೇ. ದೊಡ್ಡ ಕಡೆ ಅಡಗುವುದು ಇನ್ನೂ ಸುಲಭ.

ಒಂದು ವಿಷಯದಲ್ಲಿ ಮಾತ್ರ ಅವಸರ ಮಾಡಿದೆ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಪದವಿ ಓದುವವರು ಸಾಮಾನ್ಯವಾಗಿ ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ (ಕೋರ್ಸಿನ ಭಾರ ಅಳೆಯುವ ಲೆಕ್ಕ) ಉಳಿಸಿಕೊಳ್ಳಬೇಕು. ಇವಳದು ನಾಲ್ಕು ಕೋರ್ಸ್, ತಲಾ ನಾಲ್ಕು ಕ್ರೆಡಿಟ್. ಒಂದನ್ನು ಬಿಡಬಹುದು, ಎರಡನ್ನು ಬಿಟ್ಟರೆ ವೀಸಾಗೇ ಕುತ್ತು. ಅನಾರೋಗ್ಯಕ್ಕೆ ವಿನಾಯಿತಿ ಇದೆ, ಆದರೆ ಅನುಮತಿ ಮೊದಲು ಪಡೆಯಬೇಕು, ಕೋರ್ಸ್ ಬಿಟ್ಟ ಮೇಲಲ್ಲ. ಸುಮ್ನೆ ಕ್ಲಿಕ್ ಮಾಡಿ ಡ್ರಾಪ್ ಮಾಡಬೇಡ, ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿಗೆ ಹೋಗು ಅಂದೆ. ಈ ಸ್ಥಿತಿಯಲ್ಲಿರುವ ಯಾರೇ ಇದನ್ನು ಓದುತ್ತಿದ್ದರೂ ಇವತ್ತೇ ಹೋಗಿ.

ಮೇಲ್ ಕಳಿಸಿದ್ದು ಎರಡು ದಿನ ಬಿಟ್ಟು. ಪ್ರೊಫೆಸರ್ ಒಂದೇ ಸಾಲಿನಲ್ಲಿ ಬಾ ಅಂದರಂತೆ. ಹೋದಾಗ ಎಲ್ಲಿದ್ದೆ ಅಂತ ಕೇಳಲೇ ಇಲ್ಲವಂತೆ, ಬಿಟ್ಟುಹೋದ ಪಾಠದ ಬಗ್ಗೆಯೇ ಮಾತಾಡಿದರಂತೆ. ಪ್ರಬಂಧಕ್ಕೆ ಒಂದು ವಾರ ಹೆಚ್ಚು ಸಮಯ ಸಿಕ್ಕಿತು. ಹೋದ ಅಂಕ ಹೋದವೇ. ಇನ್ನೊಂದು ಕೋರ್ಸನ್ನು ಆಫೀಸಿನಲ್ಲಿ ಕೇಳಿಕೊಂಡು, ಗಡುವಿನೊಳಗೆ ವಿತ್‌ಡ್ರಾ ಮಾಡಿದಳು. ಅಂಕಪಟ್ಟಿಯಲ್ಲಿ ಅಲ್ಲೊಂದು ಡಬ್ಲ್ಯೂ ಕೂತಿದೆ.

ಅಪ್ಪನಿಗೆ ಆ ಡಬ್ಲ್ಯೂ ಬಗ್ಗೆ ಇನ್ನೂ ಬೇಸರ. ‘ಮುಂದೆ ಎಂ.ಎ.ಗೆ ಅರ್ಜಿ ಹಾಕಿದಾಗ ಅದು ಕಾಣುತ್ತೆ ಅಲ್ವಾ ಮೇಡಂ?’ ಅಂದರು. ಕಾಣುತ್ತೆ ಅಂದೆ. ಯಾರಾದರೂ ಕೇಳಿದರೆ ಅವಳೇ ಹೇಳಲಿ, ಎರಡು ಸಾಲಿನಲ್ಲಿ.