ವಕೀಲರು ಮಗನನ್ನು ಜುವೆನೈಲ್ ಡ್ರಗ್ ಕೋರ್ಟಿಗೆ ಸೇರಿಸಿ ಅನ್ನುತ್ತಿದ್ದಾರೆ, ಒಪ್ಪಿಕೊಳ್ಳಬೇಕೇ?

ನೀವು ಬರೆದಿರುವುದು ಇಷ್ಟು: ಮಗನಿಗೆ 16 ವರ್ಷ, ಶಾಲೆಯಲ್ಲಿ ಅವನ ಬ್ಯಾಗಿನಿಂದ ಗಾಂಜಾ ಎಣ್ಣೆಯ ವೇಪ್ ಸಿಕ್ಕಿ ಕೇಸಾಗಿದೆ. ನೀವು ಎಚ್‌-1ಬಿ ಕೆಲಸದ ವೀಸಾ ಮೇಲೆ ಅಮೆರಿಕದ ಓಹಾಯೋದಲ್ಲಿದ್ದೀರಿ. ಡ್ರಗ್ ಕೋರ್ಟಿಗೆ, ಅಂದರೆ ಶಿಕ್ಷೆಯ ಬದಲು ನ್ಯಾಯಾಧೀಶರ ನಿಗಾದಲ್ಲಿ ವ್ಯಸನ ಚಿಕಿತ್ಸೆ ಕೊಡಿಸುವ ಕೋರ್ಟಿಗೆ, ಒಪ್ಪಿದರೆ ಕೊನೆಗೆ ಕೇಸು ವಜಾ ಆಗುತ್ತದೆಂದು ವಕೀಲರು ಹೇಳಿದ್ದಾರೆ. ನಾನು ಇದೇ ರಾಜ್ಯದಲ್ಲಿ ಹದಿಹರೆಯದ ಮಕ್ಕಳ ಕೌನ್ಸೆಲರ್. ಇಂಥ ಕೋರ್ಟಿನ ತಂಡದಲ್ಲಿ ಚಿಕಿತ್ಸೆಯ ಕಡೆಯಿಂದ ಕೂರುತ್ತೇನೆ.

ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ: ಹುಡುಗನಿಗೆ ನಿಜಕ್ಕೂ ಚಟ ಹತ್ತಿದೆಯೇ ಎಂದು ಯಾರಾದರೂ ಸರಿಯಾಗಿ ಪರೀಕ್ಷಿಸಿದ್ದಾರೆಯೇ? ಈ ಕೋರ್ಟುಗಳಿಗೆಂದು ಕೇಂದ್ರ ನ್ಯಾಯ ಇಲಾಖೆಯ ಬಾಲ ನ್ಯಾಯ ವಿಭಾಗ 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. ವ್ಯಸನ ಬೇರೂರಿರುವ, ಮತ್ತೆ ಅಪರಾಧಕ್ಕಿಳಿಯುವ ಸಾಧ್ಯತೆ ಸಾಕಷ್ಟಿರುವ ಮಕ್ಕಳಿಗೆ ಮಾತ್ರ ಈ ದಾರಿ, ಉಳಿದವರನ್ನು ಡೈವರ್ಷನ್ನಿನಂಥ (ಕೋರ್ಟಿನ ವಿಚಾರಣೆಯಿಲ್ಲದೆ ಕೇಸು ಮುಗಿಸುವ) ಹಗುರ ವ್ಯವಸ್ಥೆಗೆ ಕಳಿಸಿ ಎಂಬುದು ಅದರ ಸಾರ. ಗೆಳೆಯರ ಜೊತೆ ಒಂದೆರಡು ಸಲ ಎಳೆದು ನೋಡಿದ ಹುಡುಗನನ್ನು ಇಲ್ಲಿಗೆ ತಂದರೆ, ವಾರವಾರ ಗ್ರೂಪ್ ಸೆಷನ್ನಿನಲ್ಲಿ ಅವನ ಪಕ್ಕ ಕೂರುವುದು ಪಳಗಿದ ಹುಡುಗರು. ಇಲ್ಲದ ಪಾಠಗಳನ್ನೆಲ್ಲ ಅಲ್ಲೇ ಕಲಿಯುತ್ತಾನೆ. ಜೊತೆಗೆ ತಡವಾಗಿ ಮನೆಗೆ ಬಂದದ್ದೂ ನ್ಯಾಯಾಧೀಶರ ಮುಂದೆ ದಾಖಲಾಗುತ್ತದೆ. ಕೇಸು ವಜಾ ಆಗುತ್ತದೆಂಬ ಆಸೆಗೆ ಮಾತ್ರ ಒಪ್ಪುವುದಾದರೆ ಬೇಡ, ಡೈವರ್ಷನ್ ಕೇಳಿ.

ಚಟ ನಿಜವೇ ಆಗಿದ್ದರೆ ನನ್ನ ಉತ್ತರ ಬೇರೆ. ಆಗ ಒಪ್ಪಿ, ಆದರೆ ಸುಮಾರು ಒಂದು ವರ್ಷ ಇಡೀ ಮನೆಯೇ ಕೋರ್ಟಿನ ಕಣ್ಣಡಿ ಇರುತ್ತದೆಂದು ತಿಳಿದು ಒಪ್ಪಿ. ಹಂತಹಂತವಾಗಿ ನಡೆಯುತ್ತದೆ. ಮೊದಲಲ್ಲಿ ವಾರಕ್ಕೋ ಎರಡು ವಾರಕ್ಕೋ ಹಾಜರಿ, ಆಮೇಲೆ ಅಂತರ ಹೆಚ್ಚುತ್ತದೆ. ಪ್ರತಿ ಹಾಜರಿಗೂ ಮುಂಚೆ ನ್ಯಾಯಾಧೀಶರು, ಸರ್ಕಾರಿ ವಕೀಲರು, ಹುಡುಗನ ವಕೀಲರು, ಪ್ರೊಬೇಷನ್ ಅಧಿಕಾರಿ ಮತ್ತು ನಮ್ಮಂಥವರು ಕೂತು ಅವನ ವಾರವನ್ನು ಚರ್ಚಿಸಿರುತ್ತೇವೆ. ಒಳಗೆ ಬಂದರೆ ನ್ಯಾಯಾಧೀಶರು ನೇರವಾಗಿ ಅವನನ್ನೇ ಮಾತಾಡಿಸುತ್ತಾರೆ. ನಮ್ಮ ಅಪ್ಪಂದಿರು ಮಧ್ಯೆ ಬಾಯಿ ಹಾಕಿ ಉತ್ತರಿಸುವುದುಂಟು, ದಯವಿಟ್ಟು ಬೇಡ. ಚೆನ್ನಾಗಿ ನಡೆದರೆ ಗಿಫ್ಟ್ ಕಾರ್ಡು, ರಾತ್ರಿ ಕರ್ಫ್ಯೂನಲ್ಲಿ ಸಡಿಲಿಕೆ. ತಪ್ಪಿದರೆ ಸಮುದಾಯ ಸೇವೆ, ಕಾಲಿಗೆ ಮಾನಿಟರ್, ಕೆಲವೆಡೆ ಒಂದೆರಡು ದಿನ ಡಿಟೆನ್ಷನ್ (ಮಕ್ಕಳ ಬಂಧನ ಕೇಂದ್ರ). ಈ ಕೊನೆಯದನ್ನು ಅಪರೂಪಕ್ಕೆ ಬಳಸಿ ಎಂದು ಮಾರ್ಗಸೂಚಿಯೇ ಹೇಳುತ್ತದೆ. ನಿಮ್ಮ ಕೌಂಟಿಯಲ್ಲಿ ಎಷ್ಟು ಬೇಗ ಅಲ್ಲಿಗೆ ಹೋಗುತ್ತಾರೆಂದು ವಕೀಲರಿಂದ ತಿಳಿದುಕೊಳ್ಳಿ.

ಮೂತ್ರ ಪರೀಕ್ಷೆಗೆ ಯಾವ ದಿನ ಕರೆ ಬರುತ್ತದೆಂದು ಮೊದಲೇ ಗೊತ್ತಿರುವುದಿಲ್ಲ. ದಿನಾ ಸೇದುತ್ತಿದ್ದವರ ಮೂತ್ರದಲ್ಲಿ ಗಾಂಜಾದ ಅಂಶ ವಾರಗಟ್ಟಲೆ ಉಳಿಯುತ್ತದೆ. ಆದ್ದರಿಂದ ಮೊದಲ ಪಾಸಿಟಿವ್ ಕಂಡು ಮಗನ ಮೇಲೆ ಹರಿಹಾಯಬೇಡಿ, ಮಟ್ಟ ಇಳಿಯುತ್ತಿದೆಯೇ ನೋಡಿ. ಇನ್ನು ನಮ್ಮ ಅಡುಗೆಮನೆಗೇ ಸಂಬಂಧಿಸಿದ್ದು: ಗಸಗಸೆ ಪಾಯಸ ಆ ಒಂದು ವರ್ಷ ಮನೆಯಲ್ಲಿ ಬೇಡವೇ ಬೇಡ. ಗಸಗಸೆ ತಿಂದವರ ಮೂತ್ರದಲ್ಲಿ ಮಾರ್ಫಿನ್, ಕೋಡೀನ್ ಕಾಣಿಸಿಕೊಳ್ಳಬಹುದು. ಹಬ್ಬದ ದಿನ ಪಾಯಸ ಕುಡಿದೆ ಅಂದರೆ ಇಲ್ಲಿನವರಿಗೆ ಅದು ಕುಂಟುನೆಪದಂತೆ ಕೇಳಿಸುತ್ತದೆ. ಊರಿಂದ ತಂದ ಕೆಮ್ಮಿನ ಸಿರಪ್ಪಿನಲ್ಲೂ ಕೋಡೀನ್ ಇದೆಯೇ ಅಂತ ಲೇಬಲ್ ಓದಿ.

ಫಲ ಸಿಗುತ್ತದೆಯೇ? ವಯಸ್ಕರ ಡ್ರಗ್ ಕೋರ್ಟು 1989ರಲ್ಲಿ ಮಿಯಾಮಿಯಲ್ಲಿ ಶುರುವಾಗಿ ಹೆಸರು ಮಾಡಿತು. ಮಕ್ಕಳ ಕೋರ್ಟುಗಳ ಅಧ್ಯಯನಗಳಲ್ಲಿ ಅಷ್ಟು ಒಳ್ಳೆಯ ಫಲಿತಾಂಶ ಕಂಡಿಲ್ಲ. ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೋರ್ಟಿನ ಜೊತೆ ಇಡೀ ಕುಟುಂಬವನ್ನು ಒಳಗೊಂಡ ಮಲ್ಟಿಸಿಸ್ಟಮಿಕ್ ಥೆರಪಿ ಸೇರಿದಾಗ ಮಾದಕ ಬಳಕೆ ಇನ್ನೂ ಇಳಿಯಿತು. ನಿಮ್ಮ ಕೌಂಟಿಯಲ್ಲಿ ಕೊಡುವುದು ಬರೀ ಗ್ರೂಪ್ ಸೆಷನ್ನೋ, ಅಪ್ಪ ಅಮ್ಮನೂ ಕೂರುವ ಚಿಕಿತ್ಸೆಯೋ? ನಾನಾದರೆ ಇದೊಂದರ ಮೇಲೇ ತೀರ್ಮಾನಿಸುತ್ತೇನೆ. ಕನ್ನಡ ಕೂಟದವರಿಗೆ ಗೊತ್ತಾದರೆ ಮರ್ಯಾದೆ ಏನಾಗುತ್ತದೆಂದು ಹೆದರಿ ಈ ಚಿಕಿತ್ಸೆಗೇ ಹೋಗದವರಿದ್ದಾರೆ. ವ್ಯಸನ ಚಿಕಿತ್ಸೆಯ ದಾಖಲೆಗಳ ಗೋಪ್ಯತೆಗೆ ಇಲ್ಲಿ ಪ್ರತ್ಯೇಕ ಫೆಡರಲ್ ನಿಯಮವೇ ಇದೆ. ಸುದ್ದಿ ಹೊರಗೆ ಹೋಗುವುದು ಹೆಚ್ಚಾಗಿ ನಮ್ಮವರ ಬಾಯಿಂದಲೇ.

ವೀಸಾ ವಿಷಯ. ಬಾಲ ನ್ಯಾಯಾಲಯದ ತೀರ್ಮಾನ ವಲಸೆ ಕಾನೂನಿನ ದೃಷ್ಟಿಯಲ್ಲಿ ಶಿಕ್ಷೆಯ ದಾಖಲೆ ಅಲ್ಲವೆಂದು ವಲಸೆ ಮೇಲ್ಮನವಿ ಮಂಡಳಿ 2000ದಲ್ಲೇ ಹೇಳಿದೆ. ಆದರೆ ಅಷ್ಟಕ್ಕೇ ನಿಶ್ಚಿಂತೆ ಬೇಡ. ಮಾರಾಟ ಮಾಡುತ್ತಿದ್ದನೆಂದು ನಂಬಲು ಕಾರಣವಿದ್ದರೆ, ಶಿಕ್ಷೆಯಾಗದಿದ್ದರೂ ಪ್ರವೇಶ ನಿರಾಕರಿಸಬಹುದು. ಗ್ರೀನ್ ಕಾರ್ಡಿನ ವೈದ್ಯಕೀಯ ಪರೀಕ್ಷೆಯಲ್ಲಿ ಇತ್ತೀಚಿನ ಮಾದಕ ಬಳಕೆಯ ಪ್ರಶ್ನೆಯೂ ಬರುತ್ತದೆ. 2023ರ ಮತದಾನದಿಂದ ಓಹಾಯೋದಲ್ಲಿ 21 ತುಂಬಿದವರಿಗೆ ಗಾಂಜಾ ಕಾನೂನುಬದ್ಧವಾಗಿರಬಹುದು, ವಲಸೆಗೆ ಲೆಕ್ಕ ಫೆಡರಲ್ ಕಾನೂನೇ. ಹಾಗಾಗಿ ತಪ್ಪೊಪ್ಪಿಗೆಯ ಕಾಗದ ಮೊದಲು ವಲಸೆ ವಕೀಲರ ಕೈಗೆ ಹೋಗಲಿ, ಆಮೇಲೆ ಸಹಿ. ತಪ್ಪೊಪ್ಪಿಗೆ ಬರೆದುಕೊಟ್ಟ ಮೇಲೆ ಡ್ರಗ್ ಕೋರ್ಟಿಗೆ ಸೇರಿಸುತ್ತಾರೋ, ಅದಿಲ್ಲದೆಯೋ ಎಂಬುದನ್ನೂ ನಿಮ್ಮ ವಕೀಲರಲ್ಲೇ ಕೇಳಿ.

"ಇದೆಲ್ಲ ಬೇಡ, ಮೈಸೂರಿನಲ್ಲಿ ಅಜ್ಜಿ ಮನೆಗೆ ಕಳಿಸಿಬಿಡೋಣವೇ" ಎಂದು ಕೊನೆಯಲ್ಲಿ ಬರೆದಿದ್ದೀರಿ. ಕೇಸು ಬಾಕಿಯಿರುವಾಗ ಅನುಮತಿಯಿಲ್ಲದೆ ಕಳಿಸಿದರೆ ವಾರಂಟ್ ಹೊರಡಬಹುದು, ಅಜ್ಜಿಗೂ ಇದರ ಚಿಕಿತ್ಸೆ ಗೊತ್ತಿಲ್ಲ. ಬೇಸಿಗೆಗೆ ಟಿಕೆಟ್ ಈಗಾಗಲೇ ಆಗಿದ್ದರೆ ದಿನಾಂಕಗಳನ್ನು ಇವತ್ತೇ ವಕೀಲರಿಗೆ ಕೊಟ್ಟು, ನ್ಯಾಯಾಧೀಶರಿಂದ ಲಿಖಿತ ಅನುಮತಿ ಕೇಳಿಸಿ.