ವಾದ್ಯಗೋಷ್ಠಿಯಿಂದ ಗೆಳೆಯನೊಬ್ಬನನ್ನು ಗೌರವದಿಂದ ಬಿಡಿಸುವುದು ಹೇಗೆ?

ನಿಮ್ಮ ವಾದ್ಯಗೋಷ್ಠಿಯಲ್ಲಿ ರಿದಂ ಪ್ಯಾಡ್ (ಬಡಿದು ತಾಳ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ) ನುಡಿಸುವ ಗೆಳೆಯರು ಅಭ್ಯಾಸಕ್ಕೆ ಸರಿಯಾಗಿ ಬರುತ್ತಿಲ್ಲ, ವೇದಿಕೆಯ ಮೇಲೆ ಲಯ ತಪ್ಪುತ್ತಾರೆ, ಗಣೇಶನ ಹಬ್ಬದ ಕಾರ್ಯಕ್ರಮಗಳು ಶುರುವಾಗುವ ಮೊದಲು ಅವರನ್ನು ಮನಸ್ಸು ನೋಯಿಸದೆ ಬಿಡಿಸಬೇಕು ಎಂದು ಬರೆದಿದ್ದೀರಿ. ತುಮಕೂರಿನಲ್ಲಿ ಕೀಬೋರ್ಡ್ ನುಡಿಸುತ್ತಾ ತಂಡವೊಂದನ್ನು ನಡೆಸಿಕೊಂಡು ಬಂದವನಾಗಿ ಹೇಳುತ್ತೇನೆ: ನೋವೇ ಆಗದಂತೆ ಈ ಕೆಲಸ ಮಾಡಲು ಬರುವುದಿಲ್ಲ. ಆದರೆ ಆ ನೋವು ಅವಮಾನವಾಗಿ ಬೆಳೆಯುತ್ತದೆಯೋ ಇಲ್ಲವೋ ಎಂಬುದು, ಸುದ್ದಿ ಯಾರ ಬಾಯಿಂದ, ಯಾವ ತಿಂಗಳಲ್ಲಿ ಅವರಿಗೆ ತಿಳಿಯಿತು ಎಂಬುದರ ಮೇಲೆ ನಿಂತಿದೆ.

ಮೊದಲು ತಪ್ಪು ಅವರದೇ ಎಂದು ಖಚಿತಪಡಿಸಿಕೊಳ್ಳಿ. ಬೀದಿಯ ಪೆಂಡಾಲುಗಳಲ್ಲಿ ಎಷ್ಟೋ ಸಲ ರಿದಂ ನುಡಿಸುವವರ ಹತ್ತಿರ ಮಾನಿಟರ್, ಅಂದರೆ ನುಡಿಸುವವರಿಗೇ ಕೇಳಿಸಲು ಇಡುವ ಸ್ಪೀಕರ್, ಇರುವುದಿಲ್ಲ; ದೂರದ ಸ್ಪೀಕರಿನಿಂದ ಬರುವ ಗಾಯಕರ ದನಿಯನ್ನು ಕೇಳಿಕೊಂಡೇ ಅವರು ನುಡಿಸಬೇಕಾಗುತ್ತದೆ. ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕಾಗುವುದರಿಂದ, ಸ್ಪೀಕರ್ 15 ಮೀಟರ್ ಆಚೆ ಇದ್ದರೆ ದನಿ 45 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬೀಳುತ್ತದೆ, ಅಷ್ಟು ತಡವಾದರೆ ಪಳಗಿದ ಕೈಯೂ ತಡವರಿಸುತ್ತದೆ. ಆದ್ದರಿಂದ ಅಭ್ಯಾಸದ ಕೋಣೆಯಲ್ಲಿ ಒಂದು ಹಾಡನ್ನು ಪೂರ್ತಿಯಾಗಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಸಮಗತಿಯಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೋನೋಮ್ ಹಿಡಿದು ನೋಡಿ. ಪಲ್ಲವಿಯಲ್ಲಿ ನಿಮಿಷಕ್ಕೆ 100 ಬಡಿತದ ಗತಿಯಲ್ಲಿದ್ದ ಹಾಡು ಎರಡನೆಯ ಚರಣಕ್ಕೆ 110ಕ್ಕೆ ಏರಿದ್ದರೆ ದೋಷ ಕೈಯಲ್ಲಿದೆ. ಕೋಣೆಯಲ್ಲಿ ಲಯ ನಿಂತು ವೇದಿಕೆಯಲ್ಲಿ ಮಾತ್ರ ತಪ್ಪುತ್ತಿದ್ದರೆ, ಬದಲಾಯಿಸಬೇಕಾದದ್ದು ಸೌಂಡ್ ವ್ಯವಸ್ಥೆಯನ್ನು. ಆ ರೆಕಾರ್ಡಿಂಗನ್ನು ಅವರೊಬ್ಬರನ್ನೇ ಕೂರಿಸಿ ಕೇಳಿಸಿ, ತಿದ್ದಿಕೊಳ್ಳಲು ಸಮಯ ಕೊಡಿ. ನಮ್ಮ ತಂಡಗಳಲ್ಲಿ ಇಂಥದ್ದನ್ನು ಬೆನ್ನ ಹಿಂದೆ ಆಡಿಕೊಳ್ಳುವವರು ಬಹಳ, ಎದುರಿಗೆ ಹೇಳುವವರು ಕಡಿಮೆ.

ತಿದ್ದಿಕೊಳ್ಳಲಿಲ್ಲ ಎಂದಾದರೆ ಆಷಾಢದಲ್ಲಿ ಹೇಳಿಬಿಡಿ. ಮದುವೆ, ಗೃಹಪ್ರವೇಶಗಳಿಲ್ಲದ ಆ ತಿಂಗಳಲ್ಲಿ ತಂಡಗಳಿಗೆ ಕೆಲಸ ಕಡಿಮೆ, ಬೇರೆ ತಂಡ ಹುಡುಕಿಕೊಳ್ಳಲು ಅವರಿಗೂ ಶ್ರಾವಣವಿಡೀ ಇರುತ್ತದೆ. ನಮ್ಮಂಥವರ ಸಂಪಾದನೆಯ ಬಹುಪಾಲು ಬರುವುದು ಗಣೇಶನ ಹಬ್ಬದಿಂದ ನವೆಂಬರ್ ಕೊನೆಯವರೆಗೂ ನಡೆಯುವ ರಾಜ್ಯೋತ್ಸವದ ಕಾರ್ಯಕ್ರಮಗಳ ತನಕ; ಅದರ ನಡುವೆ ಒಬ್ಬರನ್ನು ಕೈಬಿಡುವುದೆಂದರೆ ಅವರ ವರ್ಷದ ದುಡಿಮೆಗೇ ಕೈಹಾಕಿದಂತೆ. ಆಷಾಢ ಈಗಾಗಲೇ ಕಳೆದಿದ್ದು ಅಡ್ವಾನ್ಸ್ ಪಡೆದಾಗಿದ್ದರೆ, ನನ್ನ ಅಭಿಪ್ರಾಯದಲ್ಲಿ, ಆ ಕಾರ್ಯಕ್ರಮಗಳನ್ನು ಅವರ ಜೊತೆಯಲ್ಲೇ ಮುಗಿಸಿ, ಅವರ ಪಾಲಿನ ಸಂಭಾವನೆಯನ್ನು ಪೂರ್ತಿ ಕೊಟ್ಟು, ಡಿಸೆಂಬರಿನಲ್ಲಿ ಹೇಳುವುದೇ ನ್ಯಾಯ. ಅಲ್ಲಿಯವರೆಗೆ ಕಷ್ಟದ ಹಾಡುಗಳನ್ನು ಪಟ್ಟಿಯಿಂದ ಕೈಬಿಡಬಹುದು.

ಹೇಳಬೇಕಾದವರು ನೀವೇ, ಅಂದರೆ ಅವರನ್ನು ತಂಡಕ್ಕೆ ಕರೆತಂದವರು. 1962ರ ಆಗಸ್ಟ್ 16ರಂದು ಇಂಗ್ಲೆಂಡಿನ ಹೆಸರಾಂತ ಬೀಟಲ್ಸ್ ತಂಡದ ಡ್ರಮ್ಮರ್ ಪೀಟ್ ಬೆಸ್ಟ್ ಅವರನ್ನು ಕೈಬಿಟ್ಟಾಗ ವಿಷಯ ತಿಳಿಸಿದ್ದು ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್; ಎರಡು ವರ್ಷ ಜೊತೆಗೆ ನುಡಿಸಿದ್ದ ಮೂವರು ಗೆಳೆಯರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಅಷ್ಟು ದೊಡ್ಡ ತಂಡದ ಕಥೆಯಲ್ಲೂ ಆ ಗೈರುಹಾಜರಿ ಇಂದಿಗೂ ಮನಸ್ಸನ್ನು ಚುಚ್ಚುತ್ತದೆ. ಫೋನಿನಲ್ಲಿ ಬೇಡ, ವಾಟ್ಸಾಪಿನಲ್ಲಂತೂ ಬೇಡವೇ ಬೇಡ, ಅವರ ಮನೆಯವರ ಎದುರಿಗೂ ಬೇಡ. ಸಂಜೆ ಅಮಾನಿಕೆರೆಯ ಕಡೆ ಇಬ್ಬರೇ ನಡೆದುಹೋಗಿ, “ಲಯ ನಿಲ್ಲುತ್ತಿಲ್ಲ, ಇನ್ನು ಮುಂದೆ ರಿದಂಗೆ ಬೇರೆಯವರನ್ನು ಕೂರಿಸಲು ತೀರ್ಮಾನಿಸಿದ್ದೇವೆ” ಎಂದು ಮೊದಲ ಮಾತಿನಲ್ಲೇ ಹೇಳಿ, ಆಮೇಲೆ ಅವರ ಮಾತನ್ನು ಸಮಾಧಾನದಿಂದ ಕೇಳಿಸಿಕೊಳ್ಳಿ. ಕಾರ್ಯಕ್ರಮಗಳು ಕಡಿಮೆಯಾಗಿವೆ ಎಂಬಂಥ ನೆಪ ಹೇಳಿದರೆ, ಮುಂದಿನ ತಿಂಗಳು ಬಿ.ಎಚ್. ರಸ್ತೆಯಲ್ಲಿ ನಿಮ್ಮ ಬ್ಯಾನರ್ ಕಂಡ ದಿನವೇ ಅದು ಸುಳ್ಳೆಂದು ಅವರಿಗೆ ಗೊತ್ತಾಗುತ್ತದೆ.

ಪ್ಯಾಡನ್ನು ಎಲ್ಲರೂ ಸೇರಿ ಕೊಂಡಿದ್ದರೆ ಅವರ ಪಾಲಿನ ಹಣವನ್ನೂ ಹಳೆಯ ಬಾಕಿಯನ್ನೂ ಅಂದೇ ಕೊಟ್ಟುಬಿಡಿ. ಊರಿನವರು ಕೇಳಿದಾಗ ಏನು ಹೇಳಬೇಕೆಂಬುದನ್ನು ಅವರೇ ಆರಿಸಲಿ, ತಂಡದ ಉಳಿದವರೂ ಅದನ್ನೇ ಹೇಳಲಿ. ತಂಡದ ವಾಟ್ಸಾಪ್ ಗ್ರೂಪಿನಿಂದ ಹೊರಹೋಗುವುದೂ ಅವರ ಕೈಯಲ್ಲೇ ಇರಲಿ. ಹೊಸಬರನ್ನು ವಿಚಾರಿಸುವುದು ಇದೆಲ್ಲ ಮುಗಿದ ಮೇಲೆಯೇ ಆಗಬೇಕು, ಏಕೆಂದರೆ ನಮ್ಮೂರಿನಲ್ಲಿ ನಾಲ್ಕಾರು ತಂಡಗಳಿಗೆ ಸೌಂಡ್ ಹಾಕುವವರು ಒಬ್ಬರೇ ಆಗಿರುತ್ತಾರೆ, ನೀವು ಇನ್ನೊಬ್ಬರಿಗೆ ಕರೆ ಮಾಡಿದ ಸುದ್ದಿ ಅಂದು ಸಂಜೆಯೊಳಗೇ ಅವರ ಮೂಲಕ ನಿಮ್ಮ ಗೆಳೆಯರಿಗೆ ತಲುಪುತ್ತದೆ.